ಪುಗಸಟ್ಟೆ ಬಸ್ಸು, ಬಿಟ್ಟಿ ಚಾಕರಿ

ಹೋದ ಸಲ ಗುರೆಳ್ಳು ಚಟ್ನಿ ಬಗ್ಗೆ ಬರದಿದ್ದೆ. ಈ ಸಲ ಖಾರ ಒಂದು ಚಮಚ ಜಾಸ್ತಿ ಬಿದ್ದದ, ಮೊದಲ ಹೇಳಿಬಿಡತೀನಿ.

ನಿಮಗೆಲ್ಲಾ ಗೊತ್ತಿದ್ದದ್ದೇ, ನಮ್ಮ ಮೈದುನ ನೌಕರಿ ಮುಗಿಸಿ ಮನ್ಯಾಗ ಕೂತ ಮ್ಯಾಲೆ ಒಂದು ಹಳೇ ಸಾಲಿ ಬಸ್ಸು ತಗೊಂಡ್ರು. ಹುಡುಗರು ಕೂಡೋ ಸೀಟು ಕಿತ್ತಿಸಿ ದೊಡ್ಡವರು ಕೂಡೋ ಸೀಟು ಹಾಕಿಸಿದ್ರು. ಹಿಂದಿನ ಭಾಗದಾಗ ನಾಲ್ಕು ಮಂದಿ ಮಲಗೋ ಹಂಗ ಹಲಗಿ, ಅದರ ಬಾಜೂಕ ಒಂದು ಕಟ್ಟಿ, ಕಟ್ಟಿ ಮ್ಯಾಲೆ ಗ್ಯಾಸಿನ ಒಲಿ, ಕೆಳಗ ಸಿಲಿಂಡರ್, ನೀರಿನ ಟಾಕಿ. ಸಾಲಿ ಬಸ್ಸಿನ ಹಳದಿ ಬಣ್ಣ ಅಳಿಸಿ ನೀಲಿ ಹೊಡಿಸಿದ್ರು. ಗಾಡಿ ಬದಲು ಮಾಡಿದ್ರ ಆರ್.ಟಿ.ಓ. ಒಪ್ಪಿಗೆ ಬೇಕು, ಅದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಾಗ ಅದ. ಆ ಅಡ್ಡಾಟನೂ ಅವರೇ ಮಾಡಿದ್ರು. ಎಲ್ಲಾ ಆದ ಮ್ಯಾಲೆ ಓಣ್ಯಾಗ ನಿಲ್ಲಿಸಿ, ಟೆಂಗಿನಕಾಯಿ ಒಡದು, "ಇದು ನಮ್ಮ ಗೆಳೆಯರ ಬಸ್ಸು. ಟಿಕೀಟು ಇಲ್ಲ, ಪಾಲು ಇಲ್ಲ. ಯಾರು ಬೇಕಾದವರು ಬರ್ರಿ" ಅಂತ ಅಂದ್ರು. ಎಲ್ಲಾರೂ ಚಪ್ಪಾಳೆ ಹೊಡದ್ರು. ನಾನೂ ಹೊಡದೆ. ಸುಳ್ಳ್ಯಾಕ ಹೇಳಲಿ, ಆ ಹೊತ್ತಿಗೆ ಕಣ್ಣಾಗ ನೀರೂ ಬಂದಿತ್ತು.

ಈಗ ಯಾಕ ಬೈತೀ ಅಂತ ಕೇಳ್ರಿ. ಹೇಳತೀನಿ.

ಮೊದಲನೇ ಪ್ರವಾಸ ಬದಾಮಿ ಕಡೆ. ಡ್ರೈವ್ಹರ್ ಹಿಡದು 18 ಮಂದಿ, ಅದರಾಗ ಹೆಂಗಸರು 6. ಶನಿವಾರ ನಸುಕಿನ್ಯಾಗ ಧಾರವಾಡ ಬಿಟ್ಟು ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮ್ಯಾಲೆ ಹೋದ್ವಿ. ಮುಂದಿನ ಸೀಟಿನ್ಯಾಗ ಹಾಡು, ಇಸ್ಪೀಟು, ನಗು. ಹಿಂದ ನಾನು, ನನ್ನ ನೆಗೆಣ್ಣಿ, ಮತ್ತ ಅವರ ಹಿರೇ ಸೊಸಿ. ಬಸ್ಸು ನಿಂತಲ್ಲೆ ಚಹಾ. ಎರಡು ದಿನದಾಗ ಎಂಟು ಸರತೆ ಚಹಾ ಆತು. 18 ಮಂದಿಗೆ ಎಂಟು ಸರತೆ ಅಂದ್ರ 144 ಕಪ್ಪು. ಅಷ್ಟೂ ಕಪ್ಪು ತೊಳದದ್ದು ಟಾಕಿಯ ಸಣ್ಣ ನಳದಾಗ, ನಡಾ ಬಗ್ಗಿಸಿ. ಶನಿವಾರ ರಾತ್ರಿ 70 ಚಪಾತಿ ಲಟ್ಟಿಸಿದ್ವಿ. ಮನ್ಯಾಗ ಆದ್ರ ಕೈಯಾಡಸಲಿಕ್ಕೆ ಜಾಗಾ ಇರತದ. ಇಲ್ಲೆ ಒಬ್ಬಾಕಿ ಲಟ್ಟಿಸಿದ್ರ ಇನ್ನೊಬ್ಬಾಕಿ ಉಸರು ಬಿಗಿಹಿಡದು ನಿಲ್ಲಬೇಕು.

ರವಿವಾರ ಮುಂಜಾನೆ ಪಟ್ಟದಕಲ್ಲು. ಸಣ್ಣಾಕಿದ್ದಾಗ ಸಾಲಿ ಪುಸ್ತಕದಾಗ ಓದಿದ್ದೆ, ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದಕ್ಕ ಅವನ ರಾಣಿ ಲೋಕಮಹಾದೇವಿ ವಿರೂಪಾಕ್ಷನ ಗುಡಿ ಕಟ್ಟಿಸಿದಳು ಅಂತ. ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಬಾಜೂಕ ಮಲ್ಲಿಕಾರ್ಜುನನ ಗುಡಿ. 1987 ರಾಗ ಈ ಊರು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಇಬ್ಬರು ಹೆಂಗಸರು ಕಟ್ಟಿಸಿದ ಗುಡಿ ನೋಡಬೇಕಂತ ನನಗ ಎಷ್ಟು ವರ್ಷದ ಆಶಾ.

ಆದದ್ದೇನು? ಬಸ್ಸು ನಿಂತಿತು, "ವೈನಿ, ಅಷ್ಟರಾಗ ಒಂದೀಟು ಉಪ್ಪಿಟ್ಟು ಆಗಲಿ, ನಾವು ಹಿಂಗ ಹೋಗಿ ಹಂಗ ಬರತೀವಿ" ಅಂದ್ರು. ಉಳ್ಳಾಗಡ್ಡಿ ಹೆಚ್ಚಿ, ರವಾ ಹುರದು, ಒಗ್ಗರಣಿ ಕೊಟ್ಟು, ಉಪ್ಪಿಟ್ಟು ಆಗೂದರಾಗ ಅವರು ಬಂದ್ರು, ತಿಂದ್ರು, ಚಹಾ ಕೇಳಿದ್ರು. ಭಾಂಡಿ ತಿಕ್ಕಿ ಕೈ ಒರಸಿಕೊಂಡು ಇಳೀಬೇಕು ಅನ್ನೂದರಾಗ "ಬಿಸಲು ಏರಲಿಕ್ಹತ್ತದ, ಐಹೊಳಿಗೆ ತಡಾ ಆಗತದ" ಅಂತ ಬಸ್ಸು ಚಾಲೂ ಆತು. ಲೋಕಮಹಾದೇವಿಯ ಗುಡಿ ಶಿಖರ ನಾನು ಹಿಂದಿನ ಕಿಡಕ್ಯಾಗಿಂದ ನೋಡಿದೆ. ಮಲಪ್ರಭಾ ಹೊಳಿ ಕಾಣಲೇ ಇಲ್ಲ. ಮುಂದಿನ ಸೀಟಿನ್ಯಾಗ ಒಬ್ಬರು "ಆಹಾ, ಎಂಥಾ ಪುಗಸಟ್ಟೆ ಪ್ರವಾಸ!" ಅಂದ್ರು. ಆ ಮಾತಿಗೆ ನನ್ನ ತಲಿ ಕೆಟ್ಟಿತು.

ಪುಗಸಟ್ಟೆ ಅಂದ್ರ ಏನ್ರೀ? ಲೆಕ್ಕಾ ಹಾಕೋಣ ಬರ್ರಿ. ಡೀಸೆಲ್ಲಿಗೆ ಬಂಕಿನವರಿಗೆ ರೊಕ್ಕ ಮುಟ್ಟಿತು. ಡ್ರೈವ್ಹರಗ ದಿನಾ ಪಗಾರ, ಮ್ಯಾಲೆ ಭತ್ತೆ. ಪಂಕ್ಚರ್ ಹಾಕಿದ ಹುಡುಗಗ ಅವನ ರೊಕ್ಕ. ಗುಡಿ ಮುಂದ ಚಪ್ಪಲ್ ಕಾಯ್ದವನಿಗೂ ಚಿಲ್ಲರ ಸಿಕ್ಕಿತು. ಆ ಎರಡು ದಿನದಾಗ ದುಡದೂ ಏನೂ ಸಿಗದವರು ಮೂರೇ ಮಂದಿ. ಮೂವರೂ ಒಲಿ ಮುಂದ ನಿಂತವರು.

ನಾನು ಮೈದುನಗ ಕೇಳಿದೆ: "ಎಲ್ಲಾರೂ ಒಂದಿಷ್ಟು ರೊಕ್ಕ ಹಾಕಿ ಖಾನಾವಳ್ಯಾಗ ಉಂಡ್ರ, ಡೀಸೆಲ್ಲಿಗೂ ಪಾಲು ಕೊಟ್ರ ಆಗತಿತ್ತಲ್ಲ?" ಅದಕ್ಕ ಅವರು, "ಅಲ್ಲ ವೈನಿ, ಮಂದಿ ಕಡಿಂದ ರೊಕ್ಕ ತಗೊಂಡು ಕರಕೊಂಡು ಹೋದ್ರ ಅದು ಬಾಡಿಗಿ ಗಾಡಿ ಆಗತದ. ಪರ್ಮಿಟ್ ಬೇಕು, 66ನೇ ಕಲಮು ಅದ. ಸಿಕ್ಕ್ರ ದಂಡ. ಇನ್ಶೂರನ್ಸಿಗೂ ತೊಂದರಿ" ಅಂದ್ರು. ಖರೇ ಮಾತು, ಕಾಯ್ದೆ ಹಂಗೇ ಅದ. ಆದ್ರ ಅಲ್ಲೇ ನನಗ ತಿಳೀತು. ನೋಟು ತಗೊಂಡ್ರ ಪರ್ಮಿಟ್ ಬೇಕು. ಹೆಂಗಸರ ಕೈಯಿಂದ ಚಪಾತಿ ತಗೊಂಡ್ರ ಯಾವ ಪರ್ಮಿಟ್ಟೂ ಬ್ಯಾಡ. ಲಟ್ಟಣಿಗಿ ಹಿಡದು ಟಿಕೀಟು ಕೊಟ್ಟವರಿಗೆ ರಸೀದಿ ಹರಕೊಡೋ ಆರ್.ಟಿ.ಓ. ಎಲ್ಲೂ ಇಲ್ಲ.

ನಮ್ಮ ಮೈದುನಗ ಈ ಹುಚ್ಚು ಹತ್ತಿದ್ದು ಅಮೆರಿಕಾದ ವಿಡಿಯೋ ನೋಡಿ. ಅಲ್ಲೆ ಹಳೇ ಸಾಲಿ ಬಸ್ಸನ್ನ ಮನಿ ಮಾಡಿಕೊಂಡು ಅಡ್ಡಾಡೋ ಮಂದಿ ಭಾಳ ಇದ್ದಾರ, ಅಂಥಾ ಬಸ್ಸಿಗೆ 'ಸ್ಕೂಲಿ' ಅಂತಾರ. ಅವರ ಕಥಿ ಹೇಳಬೇಕಂದ್ರ ಎಲ್ಲಾರೂ ಕೆನ್ ಕೆಸೀ ಅನ್ನೋ ಕಾದಂಬರಿಕಾರನ ಹೆಸರು ತಗೀತಾರ. 1964 ರಾಗ ಅವ ಗೆಳೆಯರನ್ನ ಕೂಡಿಸಿಕೊಂಡು, 1939ರ ಮಾಡೆಲ್ಲಿನ ಸಾಲಿ ಬಸ್ಸಿಗೆ ಮನಸಿಗೆ ಬಂದ ಬಣ್ಣ ಬಳದು, ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿಗೆ ಹೋದ. ಬಸ್ಸು ನಡಿಸಿದವ ನೀಲ್ ಕ್ಯಾಸಡಿ, ಅವನ ಹೆಸರೂ ಇತಿಹಾಸದಾಗ ಉಳೀತು. ಆ ಬಸ್ಸಿನ ತಾಟು ತೊಳದವರ ಹೆಸರು ನಿಮಗ ಯಾರಿಗರೆ ಗೊತ್ತದ ಏನು? ನನಗಂತೂ ಯಾರೂ ಹೇಳಿಲ್ಲ.

ಇನ್ನೊಂದು ಕಥಿ ಅದ, ಅದನ್ನ ನಮ್ಮ ಮೈದುನ ಹೇಳಂಗಿಲ್ಲ. 1970 ರಾಗ ಸ್ಟೀಫನ್ ಗ್ಯಾಸ್ಕಿನ್ ಅನ್ನಾವ ಸ್ಯಾನ್ ಫ್ರಾನ್ಸಿಸ್ಕೋದಿಂದ ಸಾಲಿ ಬಸ್ಸುಗಳ ದೊಡ್ಡ ಸಾಲು ಕಟ್ಟಿಕೊಂಡು ಹೊಂಟ. ನೂರಾರು ಮಂದಿ, ಬಸ್ಸಿನ್ಯಾಗೇ ಸಂಸಾರ. 1971 ರಾಗ ಟೆನ್ನೆಸ್ಸೀ ರಾಜ್ಯದಾಗ ಜಮೀನು ಹಿಡದು 'ದ ಫಾರ್ಮ್' ಅಂತ ಊರು ಮಾಡಿಕೊಂಡ್ರು. ಆ ದಾರ್‍ಯಾಗ ಬಸ್ಸಿನ ಒಳಗೇ ಹೆಂಗಸರು ಹಡದ್ರು. ಬಾಣಂತನ ಮಾಡಿದವರೂ ಬಸ್ಸಿನ ಹೆಂಗಸರೇ. ಗ್ಯಾಸ್ಕಿನ್ನನ ಹೆಂಡತಿ ಐನಾ ಮೇ ಸೂಲಗಿತ್ತಿ ಕೆಲಸ ಕಲತದ್ದು ಹಂಗ. ಮುಂದ ಆಕಿ ಅದರ ಮ್ಯಾಲೆ ಪುಸ್ತಕ ಬರದು ಜಗತ್ತಿಗೆಲ್ಲಾ ಹೆಸರಾದಳು. ಗಂಡಸರು ಬಸ್ಸು ಹತ್ತಿದ್ರ ಮನಿ ಹಿಂದ ಉಳೀತದ, ಹೆಂಗಸರು ಹತ್ತಿದ್ರ ಮನಿ ಬೆನ್ನಿಗೆ ಬರತದ. ಅಮೆರಿಕಾ ಆಗಲಿ ಧಾರವಾಡ ಆಗಲಿ, ಇದೊಂದು ಬದಲಾಗಿಲ್ಲ. ಬದಲಾಗಬೇಕಂದ್ರ ಬಸ್ಸಿನ್ಯಾಗ ಅಡಗಿಮನಿ ಇಡಬಾರದು.

ಅಡಗಿಮನಿ ಬ್ಯಾಡ ಅನ್ನಲಿಕ್ಕೆ ಇನ್ನೊಂದು ಕಾರಣನೂ ಅದ. 2023ರ ಆಗಸ್ಟ್ 26ಕ್ಕ ಮದುರೈ ಸ್ಟೇಶನ್ನಿನ್ಯಾಗ ನಿಂತಿದ್ದ ಯಾತ್ರಿಕರ ರೈಲು ಡಬ್ಬಿಗೆ ನಸುಕಿನ್ಯಾಗ ಬೆಂಕಿ ಹತ್ತಿತ್ತು, ನೆನಪದ ಏನು? ಲಖನೌ ಕಡಿಂದ ಬಂದ ಪ್ರವಾಸದ ಡಬ್ಬಿ. ನಿಯಮ ಮೀರಿ ಒಳಗ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡಿದ್ರು. 9 ಮಂದಿ ಹೋದ್ರು. ಅದು ನಿಂತ ಡಬ್ಬಿ. ನಮ್ಮದು ಓಡೋ ಬಸ್ಸು, ತೆಗ್ಗು ದಿನ್ನಿ ರಸ್ತೆ, ಒಲಿ ಪಕ್ಕದಾಗೇ ಮಲಗೋ ಹಾಸಿಗಿ. ಇದನ್ನ ಹೇಳಿದ್ರ "ವೈನಿ ಯಾವಾಗಲೂ ಅಪಶಕುನ ನುಡೀತಾರ" ಅಂತಾರ.

ಈಗ ನಿಜವಾದ ಪುಗಸಟ್ಟೆ ಬಸ್ಸಿನ ಮಾತು. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಚಾಲೂ ಆತು. ಎ.ಸಿ., ರಾಜಹಂಸ ಇಂಥಾವು ಬಿಟ್ಟು ನಾಲ್ಕೂ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನ್ಯಾಗ, ರಾಜ್ಯದ ಒಳಗ, ನಮಗ ಟಿಕೀಟಿನ ರೊಕ್ಕ ಇಲ್ಲ. ಅವತ್ತು ನಮ್ಮ ಮನ್ಯಾಗ ಇದೇ ಮೈದುನ ಏನಂದ್ರು ಗೊತ್ತೇನು? "ಪುಗಸಟ್ಟೆ ಸಿಕ್ಕತಂತ ಹೆಂಗಸರು ಕೆಲಸಾ ಬಿಟ್ಟು ಊರೂರು ಅಡ್ಡಾಡತಾರ" ಅಂದ್ರು! ಈಗ ಅವರೇ ಪುಗಸಟ್ಟೆ ಬಸ್ಸು ಮಾಡ್ಯಾರ, ಹೆಂಗಸರನ್ನ ಅಡ್ಡಾಡಸತಾರ. ಆದ್ರ ಕೆಲಸಾ ಬಿಡಿಸಿಲ್ಲ. ಎರಡರಾಗ ಇರೋ ಫರಕು ಅದೇ.

ಸರಕಾರಿ ಬಸ್ಸಿನ್ಯಾಗ ಗದ್ದಲ ಇರತದ, ಖರೇ. ಎಷ್ಟೋ ಸಲ ನಿಂತೇ ಹೋಗಬೇಕು. ಆದ್ರ ಕಂಡಕ್ಟರ್ ಟಿಕೀಟು ಕೊಟ್ಟು ಮುಂದ ಹೋಗತಾನ, "ವೈನಿ, ಒಂದು ಚಹಾ" ಅನ್ನಂಗಿಲ್ಲ. ಆ ಬಸ್ಸೂ ಆಕಾಶದಿಂದ ಬಿದ್ದದ್ದಲ್ಲ, ನಾವು ಎಣ್ಣಿ ಕೊಂಡಾಗ ಕೊಟ್ಟ ತೆರಿಗಿ ರೊಕ್ಕ ಅದರಾಗ ಅದ. ಹಂಗಾಗಿ ಯಾರ ಋಣನೂ ಇಲ್ಲ. ಮನಿಯವರ ಪುಗಸಟ್ಟೆ ಬಸ್ಸಿನ್ಯಾಗ ಋಣ ಇರತದ. ಶೌಚಕ್ಕ ಬಸ್ಸು ನಿಲ್ಲಸರಿ ಅನ್ನಲಿಕ್ಕೂ ಬಾಯಿ ಬರಂಗಿಲ್ಲ. ಆ ಎರಡು ದಿನಾ ನಾವು ಆರೂ ಮಂದಿ ನೀರು ಕುಡಿಯೂದು ಕಡಿಮಿ ಮಾಡಿದ್ವಿ. ಗಂಡಸರು ಎಲ್ಲೆ ಬೇಕಲ್ಲೆ ಇಳದ್ರು. ನನ್ನ ನೆಗೆಣ್ಣಿಗೆ ಮನಿಗೆ ಬಂದ ಮ್ಯಾಲೆ ಉರಿಮೂತ್ರ ಆಗಿ ಐದು ದಿನಾ ಗುಳಗಿ ತಗೊಳ್ಳೋ ಹಂಗಾತು. ಬಸ್ಸು ಆಕಿ ಗಂಡಂದೇ, ಆದ್ರೂ ಆಕಿಗೆ ಕೇಳಲಿಕ್ಕೆ ಆಗಲಿಲ್ಲ.

ನೀವು ಕೆಲವರು ಅಂತೀರಿ, ನನಗ ಗೊತ್ತದ: "ನಮಗ ಅಡಗಿ ಮಾಡೂದು ಖುಷಿ, ಹೊರಗಿನ ಊಟ ಮೈಗೆ ಆಗಂಗಿಲ್ಲ." ಖುಷಿ ಇದ್ರ ಮನ್ಯಾಗ ಮಾಡ್ರಿ ಅಕ್ಕಾರ, ಹಬ್ಬಕ್ಕ ಮಾಡ್ರಿ, ನಾನೂ ಮಾಡತೀನಿ. ವರ್ಷಕ್ಕ ಎರಡು ದಿನಾ ಬಿಟ್ರ ಖುಷಿ ಎಲ್ಲೂ ಓಡಿಹೋಗಂಗಿಲ್ಲ. ಮತ್ತ ಮೈಗೆ ಆಗೋ ಊಟದ ಮಾತು ಹೇಳತೀರೇನು? ಬನಶಂಕರಿ ಗುಡಿ ಮುಂದ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದು ಖಡಕ್ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮಸರು ಹಾಕಿ ಕೊಡತಾರ. ಅದಕ್ಕಿಂತ ಮನಿ ಊಟ ಯಾವುದು? ಆ ಊಟಕ್ಕ ರೊಕ್ಕ ಕೊಟ್ರ ಒಬ್ಬ ಹೆಣ್ಣುಮಗಳ ಸಂಸಾರ ನಡೀತದ. ನಾವು ಅವರ ಎದುರೇ ಬಸ್ಸು ನಿಲ್ಲಿಸಿಕೊಂಡು ಪುಗಸಟ್ಟೆ ಚಪಾತಿ ಲಟ್ಟಿಸಿದ್ವಿ. ನಾಚಿಕಿ ಬಂತು.

ಇನ್ನ ಬಸ್ಸಿನ ಬಗ್ಗೆ ಒಂದು ಛೊಲೋ ಮಾತೂ ಹೇಳಬೇಕು, ಇಲ್ಲಾಂದ್ರ ದೇವರು ಮೆಚ್ಚಂಗಿಲ್ಲ. ನಮ್ಮ ಅತ್ತಿಯವರಿಗೆ 82 ವರ್ಷ. ಸರಕಾರಿ ಬಸ್ಸಿನ ಪಾವಟಿಗಿ ಅವರಿಗೆ ಹತ್ತಲಿಕ್ಕೆ ಆಗಂಗಿಲ್ಲ, ಕಾರಿನ್ಯಾಗ ಕಾಲು ಬಾಯ್ತಾವ. ಈ ಬಸ್ಸಿನ್ಯಾಗ ಹಲಗಿ ಮ್ಯಾಲೆ ಮಲಗಿಕೊಂಡು ಹೋಗಿ, ಇಪ್ಪತ್ತು ವರ್ಷದ ಮ್ಯಾಲೆ ಬನಶಂಕರಿಗೆ ಉಡಿ ತುಂಬಿ ಬಂದ್ರು. ಹೊಂಡದ ಮುಂದ ಕೂತು ಸುಮ್ಮನ ನೀರು ನೋಡಿದ್ರು. ಅವರ ಮಾರಿ ನೋಡಿ ನನ್ನ ಸಿಟ್ಟು ಅರ್ಧಾ ಇಳೀತು. ಆದ್ದರಿಂದ ಬಸ್ಸು ಮಾರ್‍ರಿ ಅಂತ ನಾನು ಹೇಳಂಗಿಲ್ಲ. ಉಳಿದ ಅರ್ಧಾ ಸಿಟ್ಟಿನಿಂದ ಇದನ್ನ ಬರಿಲಿಕ್ಹತ್ತೀನಿ.

ನನ್ನ ಕರಾರು ಇಷ್ಟು. ಒಂದು, ಆ ಕಟ್ಟಿ, ಒಲಿ, ಸಿಲಿಂಡರ್ ಕಿತ್ತಿ ಹಾಕಿ, ಆ ಜಾಗಾದಾಗ ವಯಸ್ಸಾದವರಿಗೆ ಇನ್ನೆರಡು ಹಲಗಿ ಆಗಲಿ. ಎರಡು, ಊಟ ತಿಂಡಿ ಹೊರಗ, ಅವರವರ ರೊಕ್ಕ ಅವರವರೇ ಅಂಗಡಿಗೆ ಕೊಡೂದು. ಅದು ಬಸ್ಸಿನ ಬಾಡಿಗಿ ಅಲ್ಲ, ಯಾವ ಕಲಮೂ ಅಡ್ಡ ಬರಂಗಿಲ್ಲ. ಬುತ್ತಿ ಬೇಕನ್ನಾವರು ತಮ್ಮ ಬುತ್ತಿ ತಾವು ಕಟ್ಟಿಕೊಂಡು ಬರಲಿ, ಗಂಡಸರೂ. ಮೂರು, ಎರಡು ತಾಸಿಗೊಮ್ಮೆ ಸ್ವಚ್ಛ ಶೌಚಾಲಯ ಇದ್ದಲ್ಲೆ ಬಸ್ಸು ನಿಲ್ಲಬೇಕು, ಯಾರೂ ಕೇಳದಿದ್ರೂ. ನಾಲ್ಕು, ಯಾವ ಊರಾಗ ಎಷ್ಟು ಹೊತ್ತು ನಿಲ್ಲಬೇಕು ಅನ್ನೂದನ್ನ ಹೆಂಗಸರನ್ನೂ ಕೂಡಿಸಿಕೊಂಡು ಹಿಂದಿನ ದಿನಾನೇ ಗೊತ್ತು ಮಾಡಬೇಕು.

ಇದನ್ನ ಮೈದುನಗ ಬಾಯಿಲೇ ಹೇಳೀನಿ. "ನೋಡೋಣ ವೈನಿ" ಅಂದಾರ. ಆ ಒಲಿಗೆ ಅವರು ಭಾಳ ರೊಕ್ಕ ಹಾಕ್ಯಾರ, ಸಂಕಟ ಆಗತದ, ತಿಳೀತದ. ನನಗೂ ಲೋಕಮಹಾದೇವಿ ಗುಡಿ ಬಿಟ್ಟು ಬಂದದ್ದು ಸಂಕಟ ಅದ. ಒಲಿ ಇರೋ ತನಕಾ ನಾನು ಆ ಬಸ್ಸು ಹತ್ತಂಗಿಲ್ಲ. ನೀವೂ ಹತ್ತಬ್ಯಾಡ್ರಿ ಅಂತ ಕೇಳಿಕೊಳ್ಳತೀನಿ. ಒಬ್ಬಾಕಿ ಬ್ಯಾಡ ಅಂದ್ರ ಸೊಕ್ಕು ಅಂತಾರ, ಆರು ಮಂದಿ ಬ್ಯಾಡ ಅಂದ್ರ ಸ್ಪ್ಯಾನರ್ ತಗೋತಾರ.

ಅಷ್ಟರಾಗ ನಾನು, ನನ್ನ ನೆಗೆಣ್ಣಿ ಬರೋ ಬುಧವಾರ ನಸುಕಿನ್ಯಾಗ ಸರಕಾರಿ ಬಸ್ಸಿಗೆ ಬದಾಮಿಗೆ ಹೋಗಿ, ಅಲ್ಲಿಂದ ಪಟ್ಟದಕಲ್ಲಿಗೆ ಹೋಗೋರಿದ್ದೀವಿ. ಗುಡಿ ಕಟ್ಟಿ ಮ್ಯಾಲೆ ಕಾಲು ಚಾಚಿ ಕೂಡೋದು, ಹೊಳಿ ನೋಡೋದು, ಅಷ್ಟೇ ಕೆಲಸ. ಬರೋರು ಮಂಗಳವಾರ ಸಂಜಿಮುಂದ ನಮ್ಮ ಮನಿಗೆ ಬಂದು ಹೇಳ್ರಿ. ಆಧಾರ ಕಾರ್ಡು ಮರೀಬ್ಯಾಡ್ರಿ. ಡಬ್ಬಿ ತರಬ್ಯಾಡ್ರಿ.