ಕೊಳಲು ಕೇಳಿ ಅತ್ತವಳು

ನನ್ನ ತಂಗಿಯ ಮಗಳಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು. ಪರೀಕ್ಷೆಗೆ ಓದುವಾಗಲೂ ಕಿವಿಗೆ ಯಂತ್ರ ಸಿಕ್ಕಿಸಿಕೊಂಡೇ ಕುಳಿತಿರುತ್ತಾಳೆಂಬುದು ತಂಗಿಯ ನಿತ್ಯದ ದೂರು. ಕಳೆದ ಭಾನುವಾರ ಊಟವಾದ ಮೇಲೆ ಆ ಹುಡುಗಿ ನನ್ನ ಬಳಿ ಬಂದು ಕುಳಿತು, ಒಂದೇ ಹಾಡನ್ನು ನಾಲ್ಕು ಕಂಠಗಳಲ್ಲಿ ಒಂದರ ಹಿಂದೊಂದರಂತೆ ಕೇಳಿಸಿ, "ಮಾಮ, ಇವುಗಳಲ್ಲಿ ಅಸಲು ಯಾವುದು, ನಕಲು ಯಾವುದು ಹೇಳಿ ನೋಡೋಣ" ಎಂದು ಸವಾಲು ಹಾಕಿದಳು. ಇದೇನು ಮಹಾ ಪ್ರಶ್ನೆ ಎಂದುಕೊಂಡು, "ಹಾಡನ್ನು ಕಟ್ಟಿದವನು ಹಾಡಿದ್ದೇ ಅಸಲು, ಉಳಿದವು ನಕಲು" ಎಂದೆ. "ಹಾಗಾದರೆ ನಕಲು ಹುಟ್ಟಿ ಆರು ವರ್ಷಗಳಾದ ಮೇಲೆ ಅಸಲು ಹುಟ್ಟಿದಂತಾಯಿತಲ್ಲ!" ಎಂದು ಆಕೆ ನಕ್ಕಳು. ನಾನು ಪೆಚ್ಚಾದೆ. ಆ ಪೆಚ್ಚುತನದಿಂದಲೇ ಈ ವಾರದ ಲೇಖನ ಹುಟ್ಟಿತೆಂದು ವಾಚಕರಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಹಾಡಿನ ಹೆಸರು 'ದೀಸ್ ಡೇಸ್'. 'ಈಚಿನ ದಿನಗಳು' ಎಂದರ್ಥ. ಬಾಳಿನಲ್ಲಿ ಸೋತು ಹಣ್ಣಾದ ಜೀವವೊಂದು ಮಾತನ್ನು ಕಡಮೆ ಮಾಡಿ, ಕೈತಪ್ಪಿ ಹೋದ ಅವಕಾಶಗಳನ್ನೂ ಮಾಡದೆ ಉಳಿದ ಕೆಲಸಗಳನ್ನೂ ನೆನೆಯುತ್ತ ಕುಳಿತಿರುವುದೇ ಅದರ ಭಾವ. ಇದನ್ನು ಬರೆದವನು ಜಾಕ್ಸನ್ ಬ್ರೌನ್ ಎಂಬ ಅಮೆರಿಕನ್. ಬರೆದಾಗ ಆತನಿಗಿದ್ದ ವಯಸ್ಸು ಕೇವಲ 16. ಮೀಸೆ ಮೂಡುವ ಕಾಲದಲ್ಲಿ ಈ ಮುದಿತನ ಆತನಿಗೆ ಎಲ್ಲಿಂದ ಬಂತೋ! ಆ ವಯಸ್ಸಿನಲ್ಲಿ ಎಲ್ಲರೂ ಒಂದಷ್ಟು ವಿರಕ್ತರಾಗಿಯೇ ಇರುತ್ತಾರೆಂದು ಹೇಳಿ ನಗಬಹುದು. ಆದರೆ ಹಾಡನ್ನು ಕೇಳಿದವರು ನಗುವುದಿಲ್ಲ.

ಒಬ್ಬರ ಹಾಡನ್ನು ಮತ್ತೊಬ್ಬರು ತಮ್ಮ ಧಾಟಿಯಲ್ಲಿ ಹಾಡಿ ಧ್ವನಿಮುದ್ರಿಸುವುದಕ್ಕೆ ಪಾಶ್ಚಾತ್ಯರು 'ಕವರ್' ಎನ್ನುತ್ತಾರೆ. ದಾಸರ ಪದವೊಂದನ್ನು ಹತ್ತು ಮಂದಿ ಹತ್ತು ರಾಗಗಳಲ್ಲಿ ಹಾಡುವುದನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ವಿಶೇಷವೇನೂ ತೋರದು. ಆದರೆ ರಾಕ್ ಸಂಗೀತದವರಲ್ಲಿ 1960ರ ದಶಕದ ನಡುವಿನಿಂದೀಚೆಗೆ ಒಂದು ಅಭಿಮಾನ ಬೆಳೆಯಿತು: ಬರೆದವನೇ ಹಾಡಬೇಕು, ಹಾಡುವವನು ತನ್ನ ಸ್ವಂತ ಅನುಭವವನ್ನೇ ಬರೆದಿರಬೇಕು. ಅನ್ಯರ ಹಾಡನ್ನು ಹಾಡುವವರು ಇವರ ಲೆಕ್ಕದಲ್ಲಿ ಒಂದು ಮೆಟ್ಟಿಲು ಕೆಳಗೆ. ಹಾಡುವವಳು ಉಡುಪುಗಳ ಜಾಹೀರಾತಿಗೆ ನಿಂತು ಹೆಸರಾದ ರೂಪದರ್ಶಿಯಾಗಿದ್ದರಂತೂ ಇನ್ನೂ ಎರಡು ಮೆಟ್ಟಿಲು ಕೆಳಗೆ. ಚೆಲುವೆಗೆ ಕಂಠವೆಲ್ಲಿಂದ ಬರಬೇಕು ಎಂಬುದು ಲೋಕದ ತೀರ್ಮಾನ.

'ದೀಸ್ ಡೇಸ್' ಹಾಡನ್ನು ಮೊದಲು ತಟ್ಟೆಗೆ ಹಾಡಿದವಳು ಅಂಥ ರೂಪದರ್ಶಿಯೇ. ಜಗತ್ತು ಬಲ್ಲ ಆಕೆಯ ಹೆಸರು ನಿಕೋ. ತಾಯಿತಂದೆಗಳಿಟ್ಟ ಹೆಸರು ಕ್ರಿಸ್ಟಾ ಪೆಫ್ಗೆನ್. 1938ರ ಅಕ್ಟೋಬರ್ 16ರಂದು ಜರ್ಮನಿಯ ಕಲೋನ್ ನಗರದಲ್ಲಿ ಹುಟ್ಟಿದವಳು. ತಂದೆ ಯುದ್ಧಕಾಲದಲ್ಲಿ ತೀರಿಕೊಂಡ. ಬಾಂಬುಗಳಿಂದ ಹಾಳುಬಿದ್ದ ಬರ್ಲಿನ್ನಿನಲ್ಲಿ ತಾಯಿಯೊಡನೆ ಬೆಳೆದ ಹುಡುಗಿ ಹದಿಹರೆಯದಲ್ಲಿಯೇ ಛಾಯಾಚಿತ್ರಗಾರರ ಕಣ್ಣಿಗೆ ಬಿದ್ದಳು. ಅವರಲ್ಲಿ ಒಬ್ಬನಾದ ಹರ್ಬರ್ಟ್ ಟೋಬಿಯಾಸ್ ಎಂಬುವನು ಆಕೆಗೆ 'ನಿಕೋ' ಎಂಬ ಹೆಸರು ಕೊಟ್ಟ. ಅದು ಗಂಡಸರ ಹೆಸರು. ಅಲ್ಲಿಂದ ಪ್ಯಾರಿಸ್ಸಿಗೆ ಹೋದಳು, ಫ್ಯಾಷನ್ ಪತ್ರಿಕೆಗಳಲ್ಲಿ ಮೆರೆದಳು. ಇಟಲಿಯ ಫೆಲಿನಿ ತನ್ನ ಪ್ರಸಿದ್ಧ ಚಿತ್ರ 'ಲಾ ದೋಲ್ಚೆ ವೀಟಾ'ದಲ್ಲಿ (1960) ಆಕೆಗೊಂದು ಸಣ್ಣ ಪಾತ್ರ ಕೊಟ್ಟ. 1962ರಲ್ಲಿ ಒಬ್ಬ ಮಗ ಹುಟ್ಟಿದ. ಆ ಮಗುವಿನ ಪಾಲನೆ ಬಹುಮಟ್ಟಿಗೆ ಬೇರೆ ಮನೆಯಲ್ಲಿಯೇ ನಡೆಯಿತು.

ನೋಡುವವರಿಗೆ ಇದು ಅದೃಷ್ಟವಂತೆಯ ಬಾಳು. ಆದರೆ ಆಕೆಗೆ ಬೇಕಾಗಿದ್ದುದು ಹಾಡು. 1965ರಲ್ಲಿ ಲಂಡನ್ನಿನಲ್ಲಿ ಗಾರ್ಡನ್ ಲೈಟ್‌ಫುಟ್‌ನ ಹಾಡೊಂದನ್ನು ತಟ್ಟೆಗೆ ಹಾಡಿದಳು. ಅದಕ್ಕೆ ಹೇಳಿಕೊಳ್ಳುವಂಥ ಕೀರ್ತಿಯೇನೂ ಬರಲಿಲ್ಲ. ಮರುವರ್ಷ ನ್ಯೂಯಾರ್ಕಿನಲ್ಲಿ ಚಿತ್ರಕಾರ ಆಂಡಿ ವಾರ್ಹಾಲ್, ತಾನು ಪೋಷಿಸುತ್ತಿದ್ದ 'ವೆಲ್ವೆಟ್ ಅಂಡರ್‌ಗ್ರೌಂಡ್' ಎಂಬ ತಂಡದ ಮುಂದೆ ಆಕೆಯನ್ನು ತಂದು ನಿಲ್ಲಿಸಿದ. ತಂಡದವರಿಗೆ ಇದು ಒಗ್ಗಲಿಲ್ಲ. 1967ರ ಮಾರ್ಚ್‌ನಲ್ಲಿ ಹೊರಬಂದ ಅವರ ಮೊದಲ ತಟ್ಟೆಯ ಮೇಲೆ ವಾರ್ಹಾಲ್ ಬರೆದ ಬಾಳೆಯಹಣ್ಣಿನ ಚಿತ್ರ ಇಂದಿಗೂ ಪ್ರಸಿದ್ಧ. ಆದರೆ ನಾನು ವಾಚಕರಿಗೆ ತೋರಿಸಬೇಕೆಂದಿರುವುದು ಹಣ್ಣನ್ನಲ್ಲ, ಹೆಸರನ್ನು. 'ವೆಲ್ವೆಟ್ ಅಂಡರ್‌ಗ್ರೌಂಡ್ ಅಂಡ್ ನಿಕೋ' ಎಂದು ಆ ತಟ್ಟೆಯ ಹೆಸರು. ತಂಡವೇ ಬೇರೆ, ಈಕೆಯೇ ಬೇರೆ! ಹನ್ನೊಂದು ಹಾಡುಗಳಲ್ಲಿ ಆಕೆ ಮುಖ್ಯ ಗಾಯಕಿಯಾಗಿ ಹಾಡಿದ್ದು ಮೂರನ್ನು ಮಾತ್ರ. ಉಳಿದ ಹೊತ್ತಿನಲ್ಲಿ ವೇದಿಕೆಯ ಮೇಲೆ ಸುಮ್ಮನೆ ನಿಂತಿರಬೇಕಾಗಿತ್ತು. ಚೆಂದದ ಹೂದಾನಿಯನ್ನು ನಾವು ನಡುಮನೆಯಲ್ಲಿ ಇಡುತ್ತೇವಲ್ಲ, ಹಾಗೆ.

ಅದೇ ವರ್ಷದ ಆರಂಭದಲ್ಲಿ ಆಕೆ ನ್ಯೂಯಾರ್ಕಿನ 'ಡಾಮ್' ಎಂಬ ಪಾನಗೃಹದಲ್ಲಿ ಒಬ್ಬಂಟಿಯಾಗಿ ಹಾಡತೊಡಗಿದಳು. ಸಂಗಡ ಗಿಟಾರ್ ನುಡಿಸಲು ಜನ ಬೇಕಾಗಿತ್ತು. ಒಮ್ಮೊಮ್ಮೆ ಟೇಪ್‌ರೆಕಾರ್ಡರನ್ನೇ ಪಕ್ಕದಲ್ಲಿಟ್ಟುಕೊಂಡು ಹಾಡಿದ್ದೂ ಉಂಟಂತೆ. ಆ ಕೆಲಸಕ್ಕೆ ಬಂದವರಲ್ಲಿ ಕ್ಯಾಲಿಫೋರ್ನಿಯದ 18 ವರ್ಷದ ಹುಡುಗನೊಬ್ಬನಿದ್ದ. ಅವನೇ ಜಾಕ್ಸನ್ ಬ್ರೌನ್. ಅವನ ಚೀಲದಲ್ಲಿ ತಾನೇ ಬರೆದ ಹಾಡುಗಳಿದ್ದವು. ಅವುಗಳಲ್ಲಿ ಮೂರನ್ನು ನಿಕೋ ಆರಿಸಿಕೊಂಡಳು. 'ದೀಸ್ ಡೇಸ್' ಅವುಗಳಲ್ಲಿ ಒಂದು. 1967ರ ಅಕ್ಟೋಬರಿನಲ್ಲಿ 'ಚೆಲ್ಸೀ ಗರ್ಲ್' ಎಂಬ ಆಕೆಯ ಮೊದಲ ಸ್ವಂತ ತಟ್ಟೆ ಹೊರಬಂತು. ಅದರಲ್ಲಿ ಈ ಹಾಡಿಗೆ ಎಲೆಕ್ಟ್ರಿಕ್ ಗಿಟಾರನ್ನು ಬೆರಳುಗಳಿಂದ ಮೀಟಿ ನುಡಿಸಿದವನೂ ಬ್ರೌನ್‌ನೇ.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಕೆ ಹಾಡಿ ಮುಗಿಸಿ ಹೋದ ಮೇಲೆ ನಿರ್ಮಾಪಕ ಟಾಮ್ ವಿಲ್ಸನ್, ಲ್ಯಾರಿ ಫ್ಯಾಲನ್ ಎಂಬ ಸಂಯೋಜಕನಿಂದ ಪಿಟೀಲು ಮುಂತಾದ ತಂತಿವಾದ್ಯಗಳನ್ನೂ ಕೊಳಲನ್ನೂ ತಟ್ಟೆಯ ಹಾಡುಗಳಿಗೆ ಸೇರಿಸಿದ. ಆಕೆಯನ್ನು ಕೇಳಲಿಲ್ಲ. ಆಕೆ ಕೇಳಿದ್ದುದು ತಾಳವಾದ್ಯ. ಅದನ್ನು ಕೊಡಲಿಲ್ಲ. ಸಿದ್ಧವಾದ ತಟ್ಟೆಯನ್ನು ಮೊದಲ ಸಲ ಕೇಳಿದಾಗ ತಾನು ಅತ್ತುಬಿಟ್ಟೆನೆಂದೂ, ಅದಕ್ಕೆಲ್ಲ ಆ ಕೊಳಲೇ ಕಾರಣವೆಂದೂ ನಿಕೋ ಮುಂದೆ ಹೇಳಿಕೊಂಡಿದ್ದಾಳೆ. ಕೊಳಲು ಕೇಳಿ ಹಿಗ್ಗಿದವರ ಕಥೆ ನಮಗೆ ಬೇಕಾದಷ್ಟು ಗೊತ್ತು. ಕೊಳಲು ಕೇಳಿ ದುಃಖದಿಂದ ಅತ್ತವಳು ಬಹುಶಃ ಈಕೆಯೊಬ್ಬಳೇ ಇರಬೇಕು. ಆ ಅಳುವಿಗೆ ಅರ್ಥವಿಲ್ಲದಿಲ್ಲ. ಮುಖವನ್ನು ಹೇಗೆ ಸಿಂಗರಿಸಬೇಕು, ಎತ್ತ ತಿರುಗಿಸಬೇಕು ಎಂಬುದನ್ನು ಹತ್ತು ವರ್ಷಗಳ ಕಾಲ ಯಾರು ಯಾರೋ ತೀರ್ಮಾನಿಸಿದ್ದರು. ಧ್ವನಿಯಾದರೂ ತನ್ನದೆಂದುಕೊಂಡಿದ್ದಳು. ಅದಕ್ಕೂ ಯಾರೋ ಬಂದು ಹೂ ಮುಡಿಸಿ ಹೋಗಿದ್ದರು.

ಆ ಧ್ವನಿಯಾದರೂ ಎಂಥದು? ಇಂಪಾದ ಕಂಠವೆಂದು ಹೇಳುವಂತಿಲ್ಲ. ಹೆಂಗಸಿನ ಕಂಠಕ್ಕೆ ಬಹಳ ಕೆಳಗಿನ ಸ್ಥಾಯಿ, ಗಡಸು, ಜರ್ಮನ್ ಉಚ್ಚಾರಣೆ. ಒಂದು ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲವೆಂದೂ, ಆದ್ದರಿಂದಲೇ ಶ್ರುತಿ ಅಲ್ಲಲ್ಲಿ ಜಾರುತ್ತಿತ್ತೆಂದೂ ಹೇಳುವವರಿದ್ದಾರೆ. ನನಗೂ ಮೊದಲ ಸಲ ಕೇಳಿದಾಗ, ಯಾರೋ ನಿದ್ದೆಗಣ್ಣಿನಲ್ಲಿ ಪತ್ರ ಓದುತ್ತಿರುವಂತೆ ತೋರಿತು. ಎರಡನೆಯ ಸಲ ಕೇಳಿದಾಗ, ಆಕೆ ನನ್ನಿಂದ ಕನಿಕರವನ್ನು ಬೇಡುತ್ತಿಲ್ಲವೆಂಬುದು ಹೊಳೆಯಿತು. ದುಃಖದ ಹಾಡನ್ನು ದುಃಖಪಡುತ್ತ ಹಾಡುವವರು ಬೇಕಾದಷ್ಟಿದ್ದಾರೆ. ದುಃಖವೆಲ್ಲ ಮುಗಿದುಹೋದ ಮೇಲೆ ಉಳಿಯುವ ಬರಿದನ್ನು ಹಾಗೆಯೇ ಮುಂದಿಡುವುದು ಎಲ್ಲರಿಂದಲೂ ಆಗದು. ಹುಡುಗನು ಊಹೆಯಿಂದ ಬರೆದುದನ್ನು 28 ವರ್ಷದ ಈಕೆ ಲೆಕ್ಕ ಒಪ್ಪಿಸುವವಳಂತೆ ಹಾಡಿದಳು. ಶ್ರುತಿಶುದ್ಧವಾದ ಕಂಠವೊಂದು ಈ ಹಾಡನ್ನು ಮೊದಲು ಹಾಡಿದ್ದರೆ ಅದು ಇಷ್ಟು ದೂರ ನಡೆಯುತ್ತಿತ್ತೆಂದು ನನಗೆ ತೋರುವುದಿಲ್ಲ.

ಆಮೇಲೆ ನಿಕೋ ತನ್ನ ಚೆಲುವಿನ ಮೇಲೆಯೇ ಹಗೆ ಸಾಧಿಸಿದಂತೆ ಕಾಣುತ್ತದೆ. ಹೊಂಬಣ್ಣದ ಕೂದಲಿಗೆ ಮದರಂಗಿ ಹಚ್ಚಿ ಕೆಂಚಾಗಿಸಿದಳು, ಕಪ್ಪು ಬಟ್ಟೆ ತೊಟ್ಟಳು, ಹಾರ್ಮೋನಿಯಂ ಹಿಡಿದಳು. ಹೌದು, ನಮ್ಮ ನಾಟಕದ ಕಂಪನಿಗಳು ಊರೂರಿಗೆ ಹೊತ್ತು ತಿರುಗಿದ ಅದೇ ಹಾರ್ಮೋನಿಯಂ. ಯೂರೋಪಿನಲ್ಲಿ ಹುಟ್ಟಿ ನಮ್ಮಲ್ಲಿಗೆ ಬಂದು ನೆಲೆನಿಂತ ಆ ವಾದ್ಯವನ್ನು ಅಲ್ಲಿಯವರೇ ಬಹುಮಟ್ಟಿಗೆ ಮರೆತಿದ್ದರು. ಅದರ ಮುಂದೆ ಕುಳಿತು ತಾನೇ ಹಾಡು ಕಟ್ಟಿದಳು. 1968ರಲ್ಲಿ ಬಂದ 'ದಿ ಮಾರ್ಬಲ್ ಇಂಡೆಕ್ಸ್' ತಟ್ಟೆಯ ಹಾಡುಗಳೆಲ್ಲ ಆಕೆಯವೇ. ಕೊಂಡವರು ಮಾತ್ರ ಕೆಲವೇ ಜನ. ಹಾಗೆಂದು ಪರರ ಹಾಡನ್ನು ಪೂರ್ತಿಯಾಗಿ ಬಿಟ್ಟವಳಲ್ಲ. ಹಾಡು ಬರೆಯೆಂದು ತನಗೆ ಹುರಿದುಂಬಿಸಿದ್ದ ಜಿಮ್ ಮಾರಿಸನ್ 1971ರಲ್ಲಿ ತೀರಿಕೊಂಡ ಮೇಲೆ, ಆತನ 'ಡೋರ್ಸ್' ತಂಡದ 'ದಿ ಎಂಡ್' ಎಂಬ ನೀಳ ಹಾಡನ್ನು 1974ರಲ್ಲಿ ತಟ್ಟೆಗೆ ಹಾಡಿದಳು. ಅದನ್ನು ರಾತ್ರಿ ಒಬ್ಬರೇ ಕುಳಿತು ಕೇಳಬೇಡಿರೆಂದು ವಾಚಕರಿಗೆ ನನ್ನ ಎಚ್ಚರಿಕೆ.

ಇತ್ತ 'ದೀಸ್ ಡೇಸ್' ಮನೆಯಿಂದ ಮನೆಗೆ ನಡೆಯುತ್ತಿತ್ತು. 1968ರಲ್ಲಿ 'ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್' ತಂಡ, 1970ರಲ್ಲಿ ಟಾಮ್ ರಷ್ ಎಂಬ ಗಾಯಕ ಅದನ್ನು ಹಾಡಿದರು. 1973ರಲ್ಲಿ ಅದು ಗ್ರೆಗ್ ಆಲ್ಮನ್‌ನ ಕೈಗೆ ಬಂತು. ಆತನ ಅಣ್ಣ ಡ್ವೇನ್, ಹೆಸರಾಂತ ಗಿಟಾರ್ ವಾದಕ, 1971ರ ಅಕ್ಟೋಬರಿನಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡಿದ್ದ. ಒಂದು ವರ್ಷ ಕಳೆದು ಕೆಲವೇ ದಿನಗಳಲ್ಲಿ ತಂಡದ ಬೆರಿ ಓಕ್ಲಿ ಅದೇ ಊರಿನಲ್ಲಿ ಅದೇ ರೀತಿ ಸತ್ತ. ಇಷ್ಟು ತಿಳಿದು ಆಲ್ಮನ್‌ನ ಧಾಟಿಯನ್ನು ಕೇಳಬೇಕು. ನಡೆಯನ್ನು ಬಹಳ ನಿಧಾನಗೊಳಿಸಿದ್ದಾನೆ, ಕೊನೆಯ ಸಾಲಿನ ಮಾತನ್ನು ಕೊಂಚ ಬದಲಿಸಿದ್ದಾನೆ. ನಿಕೋ ದಾಟಿ ಹೋಗಿದ್ದ ದುಃಖದ ನಡುವೆ ಈತ ಇನ್ನೂ ನಿಂತಿದ್ದಾನೆ.

ಅದೇ ವರ್ಷ, ಎಲ್ಲರೂ ಹಾಡಿದ ಮೇಲೆ, ಬರೆದವನ ಸರದಿ ಬಂತು. 'ಫಾರ್ ಎವ್ರಿಮ್ಯಾನ್' ಎಂಬ ತಟ್ಟೆಯಲ್ಲಿ ಬ್ರೌನ್ ತನ್ನ ಹಾಡನ್ನು ತಾನೇ ಹಾಡಿದ. ಹಾಡಿದ್ದು ಆಲ್ಮನ್‌ನ ಧಾಟಿಯ ಸ್ಫೂರ್ತಿಯಿಂದಲೇ. ಅದನ್ನು ತಟ್ಟೆಯ ಹೊದಿಕೆಯ ಮೇಲೆ ಅಚ್ಚು ಹಾಕಿಸಿದ. ಹುಡುಗತನದ ಕೆಲವು ಸಾಲುಗಳನ್ನು ಕಿತ್ತುಹಾಕಿ, ಮುಂದೆ ಒಳ್ಳೆಯದಾದೀತೆಂಬ ಒಂದಿಷ್ಟು ಆಶೆಯನ್ನು ಸೇರಿಸಿದ. ನನ್ನ ಸೋದರ ಸೊಸೆ ಹೇಳಿದ ಆರು ವರ್ಷಗಳ ಲೆಕ್ಕ ಇದೇ. ತಂದೆಯೇ ಕೊನೆಗೆ ಬಂದು, ಮಗು ನೆರೆಯವರ ಮನೆಯಲ್ಲಿ ಕಲಿತ ಮಾತನ್ನು ಅದರಿಂದ ಕಲಿತುಕೊಂಡ.

ಆಕೆ ಕೇಳಿಸಿದ ನಾಲ್ಕನೆಯ ಕಂಠ ಗ್ಲೆನ್ ಕ್ಯಾಂಪ್‌ಬೆಲ್‌ನದು. 2008ರಲ್ಲಿ, 70 ದಾಟಿದ ಮೇಲೆ ಹಾಡಿದ್ದು. ಮೂರು ವರ್ಷಗಳ ತರುವಾಯ, ನೆನಪನ್ನು ಅಳಿಸುವ ಆಲ್ಜೈಮರ್ ರೋಗ ಆತನಿಗೆ ಅಂಟಿದೆಯೆಂದು ಲೋಕಕ್ಕೆ ತಿಳಿಯಿತು. 16ರ ಹುಡುಗ ಬರೆದ ಮುದುಕನ ಹಾಡು ಕಡೆಗೆ ಒಬ್ಬ ಮುದುಕನ ಬಾಯಿಗೆ ತಲಪಿತ್ತು. ಆಲ್ಮನ್‌ನೂ ಕ್ಯಾಂಪ್‌ಬೆಲ್‌ನೂ ಒಂದೇ ವರ್ಷ, 2017ರಲ್ಲಿ ತೀರಿಕೊಂಡರು.

ನಿಕೋಳ ಕೊನೆಗಾಲ ಸುಖದ್ದಲ್ಲ. ಮಾದಕ ವಸ್ತುವಿನ ಚಟ ಆಕೆಯ ಎಷ್ಟೋ ವರ್ಷಗಳನ್ನು ತಿಂದುಹಾಕಿತು. ಸಣ್ಣ ಸಣ್ಣ ಸಭೆಗಳಲ್ಲಿ ಹಾಡುತ್ತ ಊರಿಂದೂರಿಗೆ ಅಲೆದಳು. 1988ರ ಜುಲೈ 18ರಂದು, ಸ್ಪೇನಿಗೆ ಸೇರಿದ ಇಬಿಜ ದ್ವೀಪದಲ್ಲಿ, ಸೈಕಲ್ಲಿನಿಂದ ಬಿದ್ದು ಮೆದುಳಿನ ರಕ್ತಸ್ರಾವದಿಂದ ಕಣ್ಣುಮುಚ್ಚಿದಳು. ವಯಸ್ಸು 49. ಬರ್ಲಿನ್ನಿನ ಕಾಡಿನ ಅಂಚಿನ ಸ್ಮಶಾನದಲ್ಲಿ ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು.

ಹದಿಮೂರು ವರ್ಷಗಳ ಮೇಲೆ, 2001ರಲ್ಲಿ, ವೆಸ್ ಆಂಡರ್ಸನ್ ಎಂಬ ನಿರ್ದೇಶಕನ 'ದಿ ರಾಯಲ್ ಟೆನೆನ್‌ಬಾಮ್ಸ್' ಚಿತ್ರ ತೆರೆಗೆ ಬಂತು. ಅದರಲ್ಲೊಂದು ದೃಶ್ಯ. ಬಹುಕಾಲದ ಮೇಲೆ ಮರಳಿದ ಯುವಕನನ್ನು ಎದುರುಗೊಳ್ಳಲು ಗ್ವಿನೆತ್ ಪ್ಯಾಲ್ಟ್ರೋ ಬಸ್ಸಿನಿಂದಿಳಿದು ಬಹಳ ನಿಧಾನವಾಗಿ ಅವನತ್ತ ನಡೆದು ಬರುತ್ತಾಳೆ. ಮಾತಿಲ್ಲ. ಹಿಂದೆ ಕೇಳಿಸುವುದು ನಿಕೋಳ 'ದೀಸ್ ಡೇಸ್', ಆಕೆಗೆ ಬೇಡವಾಗಿದ್ದ ತಂತಿವಾದ್ಯಗಳ ಸಮೇತ. ಆಕೆ ಕಣ್ಣೀರಿಟ್ಟಿದ್ದ ಆ ತಟ್ಟೆಯನ್ನು ಆ ಚಿತ್ರ ನೋಡಿದ ಹೊಸ ಪೀಳಿಗೆಯವರು ಹುಡುಕಿಕೊಂಡು ಹೋದರು. ಹಾರ್ಮೋನಿಯಂ ಮುಂದೆ ಕುಳಿತು ತನ್ನದೆಂದು ಕಟ್ಟಿದ ಹಾಡುಗಳನ್ನು ಹುಡುಕಿದವರು ಅಷ್ಟು ಮಂದಿಯಿಲ್ಲ. ಇದನ್ನು ಕೇಳಿ ಸೋದರ ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವುಗಳನ್ನೂ ಕೇಳುತ್ತೇನೆ" ಎಂದಳು.

ಆ ಚಿತ್ರಕ್ಕೆ ಹಾಡನ್ನು ಬಳಸಿಕೊಳ್ಳಲು ಅನುಮತಿ ಕೊಟ್ಟಿದ್ದವನು ಬ್ರೌನ್. ಕೊಟ್ಟದ್ದನ್ನು ಮರೆತೂ ಬಿಟ್ಟಿದ್ದನಂತೆ. ಒಂದು ದಿನ ಚಿತ್ರಮಂದಿರದಲ್ಲಿ ಎಲ್ಲರಂತೆ ಕುಳಿತು ನೋಡುತ್ತಿದ್ದಾಗ ಗಿಟಾರಿನ ಆ ಮೊದಲ ಮೀಟು ಕೇಳಿಸಿತು. ಒಂದು ಕಾಲದಲ್ಲಿ ನಾನೂ ಹೀಗೆಯೇ ನುಡಿಸುತ್ತಿದ್ದೆನಲ್ಲ ಎಂದುಕೊಂಡನಂತೆ. ಅಷ್ಟರಲ್ಲಿ ಆಕೆಯ ಧ್ವನಿ ಬಂತು.