ಯಂತ್ರದೊಳಗಣ ಲೋಪವೂ ಗ್ರಾಮಮುಖಂಡರ ಕರ್ತವ್ಯವೂ

ಹಿಡುವಳಿದಾರರ ಮನೆಗಳಲ್ಲಿ ಈಗ ಫೋನು ಇಲ್ಲದ ಮನೆ ವಿರಳವೆಂದೇ ಹೇಳಬಹುದು. ಬೆಳೆ ಸಮೀಕ್ಷೆಯ ಚಿತ್ರವನ್ನು ತೆಗೆಯುವುದೂ, ಹಾಲಿನ ಸಂಘದ ಬಟವಾಡೆ ಜಮೆಯಾದುದನ್ನು ನೋಡುವುದೂ, ಸಹಾಯಧನದ ಕಂತು ಬಂದಿತೇ ಎಂದು ವಿಚಾರಿಸುವುದೂ ಆ ಒಂದು ಯಂತ್ರದಿಂದಲೇ ನಡೆಯುತ್ತಿರುವುದಷ್ಟೆ. ಇದಕ್ಕೂ ಮೊದಲೇ, 2000ನೆಯ ಇಸವಿಯ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ನಡೆದ ಭೂಮಿ ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಇಳಿದವು. ಬಳಿಕ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲದಾಯಿತು. ಹೀಗಿರುವಲ್ಲಿ ಫೋನು ಮತ್ತು ಕಂಪ್ಯೂಟರುಗಳಲ್ಲಿ ಲೋಪವೊಂದು ಹೊರಬಿದ್ದಿತೆಂಬ ವರ್ತಮಾನವು ಪಟ್ಟಣವಾಸಿಗಳಿಗೆ ಮಾತ್ರ ಸೇರಿದುದೆಂದು ಗ್ರಾಮಗಳ ಯಜಮಾನರು ಭಾವಿಸಿ ಸುಮ್ಮನಿರುವುದು ಸರಿಯಲ್ಲ.

ಇಂತಹ ವರ್ತಮಾನ ಬಂದಾಗ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ನಡವಳಿಕೆ ಕಂಡುಬರುತ್ತದೆ. ಕೆಲವರು ಗಾಬರಿಗೊಂಡು, ಯಾರೋ ಕಳುಹಿಸಿದ ಸಂದೇಶವನ್ನು ನಂಬಿ, ಅದರಲ್ಲಿ ಹೇಳಿದುದನ್ನೆಲ್ಲ ಮಾಡಿಬಿಡುತ್ತಾರೆ. ಮಿಕ್ಕವರು "ನಮ್ಮಂಥವರ ಯಂತ್ರದಲ್ಲಿ ಕದಿಯುವುದಕ್ಕೆ ಏನಿದೆ?" ಎಂದು ಉಪೇಕ್ಷೆ ಮಾಡುತ್ತಾರೆ. ಎರಡೂ ಕೆಡುಕೇ ಆದರೂ, ಎರಡನೆಯದರಿಂದ ಆಗತಕ್ಕ ನಷ್ಟವೇ ಹೆಚ್ಚೆಂಬುದು ಈಚಿನ ಎರಡು ಪ್ರಕರಣಗಳನ್ನು ಹೋಲಿಸಿ ನೋಡಿದರೆ ಗೊತ್ತಾಗುತ್ತದೆ.

ಮೊದಲನೆಯದು 2018ನೆಯ ಇಸವಿ ಜನವರಿ 3ರಂದು ಪ್ರಕಟವಾದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಲೋಪಗಳು. ಗೂಗಲ್ ಸಂಸ್ಥೆಯ ಪ್ರಾಜೆಕ್ಟ್ ಜೀರೋ ಎಂಬ ತಂಡದವರೂ, ಆಸ್ಟ್ರಿಯಾ ದೇಶದ ಗ್ರಾಟ್ಸ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದ ಪಂಡಿತರೂ, ಇನ್ನೂ ಕೆಲವರೂ ಪ್ರತ್ಯೇಕ ಪ್ರತ್ಯೇಕವಾಗಿ ಶೋಧಿಸಿ ಇವುಗಳನ್ನು ಕಂಡುಹಿಡಿದರು. ಇವು ಯಾವುದೋ ಒಂದು ಕಾರ್ಯಕ್ರಮದಲ್ಲಿನ ತಪ್ಪಲ್ಲ. ಯಂತ್ರದ ಹೃದಯವಾದ ಪ್ರೊಸೆಸರಿನ ರಚನೆಯಲ್ಲಿಯೇ ಇದ್ದವು. ಮೆಲ್ಟ್‌ಡೌನ್ ಎಂಬುದು 1995ರಿಂದೀಚೆಗೆ ಇಂಟೆಲ್ ಕಂಪನಿಯು ತಯಾರಿಸಿದ ಬಹುಪಾಲು ಪ್ರೊಸೆಸರುಗಳಿಗೆ ತಗಲುವುದಾಗಿಯೂ, ಸ್ಪೆಕ್ಟರ್ ಎಂಬುದು ಇಂಟೆಲ್, ಎ.ಎಂ.ಡಿ. ಮತ್ತು ಫೋನುಗಳಲ್ಲಿ ಬಳಕೆಯಲ್ಲಿರುವ ಆರ್ಮ್ ಮಾದರಿಯವುಗಳಿಗೂ ತಗಲುವುದಾಗಿಯೂ ತಿಳಿದುಬಂದಿತು.

ಈ ಲೋಪದ ಸ್ವರೂಪವನ್ನು ತಾಲ್ಲೂಕು ಕಚೇರಿಯ ದಫ್ತರಖಾನೆಯ ದೃಷ್ಟಾಂತದಿಂದ ತಿಳಿಯಬಹುದು. ಕಚೇರಿಯಲ್ಲಿ ಬಹಳ ಚುರುಕಾದ ಜವಾನನೊಬ್ಬನಿದ್ದಾನೆಂದು ಭಾವಿಸೋಣ. ಅರ್ಜಿದಾರನಿಗೆ ಅಧಿಕಾರವುಂಟೇ ಇಲ್ಲವೇ ಎಂಬುದನ್ನು ಗುಮಾಸ್ತರು ಪರಿಶೀಲಿಸುವುದರೊಳಗಾಗಿಯೇ, ಕಾಲ ಉಳಿಯಲೆಂದು ಅವನು ಕೆಲಸವನ್ನು ಮುಂದಾಗಿ ಮಾಡಿಬಿಡುತ್ತಾನೆ. ಕಪಟಿಯೊಬ್ಬನು ಬಂದು, "ಗೋಪ್ಯ ಪುಸ್ತಕದಲ್ಲಿ ಇಂಥವರ ಹೆಸರಿನ ಮುಂದೆ ಯಾವ ಅಂಕಿ ಇದೆಯೋ ಆ ಅಂಕಿಯ ಕಡತವನ್ನು ತರಿಸಬೇಕು" ಎಂದು ಅರ್ಜಿ ಕೊಡುತ್ತಾನೆ. ಜವಾನನು ಗೋಪ್ಯ ಪುಸ್ತಕವನ್ನು ನೋಡಿ, ಆ ಅಂಕಿಯ ಕಡತವನ್ನು ಅಟ್ಟಣೆಯಿಂದ ಇಳಿಸಿ ಮೇಜಿನ ಮೇಲಿಡುತ್ತಾನೆ. ಅಷ್ಟರಲ್ಲಿ ಗುಮಾಸ್ತರು "ಅಧಿಕಾರವಿಲ್ಲ" ಎಂದು ಅರ್ಜಿಯನ್ನು ವಜಾ ಮಾಡುತ್ತಾರೆ. ಕಪಟಿಗೆ ಏನನ್ನೂ ತೋರಿಸಿದಂತಾಗಲಿಲ್ಲ; ನಿಯಮವೂ ಮುರಿಯಲಿಲ್ಲ. ಆದರೆ ಇಳಿಸಿದ ಕಡತವು ಮೇಜಿನ ಮೇಲೆಯೇ ಉಳಿದಿದೆ. ಬಳಿಕ ಅವನು, ತನಗೆ ನೋಡುವ ಹಕ್ಕಿರುವ 1ನೆಯ ಕಡತ, 2ನೆಯ ಕಡತ, 3ನೆಯ ಕಡತ ಎಂದು ಒಂದೊಂದನ್ನೇ ಕೇಳುತ್ತ ಹೋಗುತ್ತಾನೆ. ಮಿಕ್ಕವು ಬರುವುದಕ್ಕೆ ಹೊತ್ತಾಗುತ್ತದೆ. ಒಂದು ಮಾತ್ರ ತಟ್ಟನೆ ಕೈಗೆ ಬರುತ್ತದೆ. ಅದರ ಅಂಕಿಯೇ ಗೋಪ್ಯ ಪುಸ್ತಕದಲ್ಲಿದ್ದ ಅಂಕಿ! ಪ್ರೊಸೆಸರುಗಳು ವೇಗದ ಆಸೆಯಿಂದ ಮುಂದಾಗಿ ಊಹಿಸಿ ಕೆಲಸ ಮಾಡುವ ಪದ್ಧತಿಯಲ್ಲಿ ಇಂತಹ ಕಿಂಡಿಯೊಂದು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಯಾರಿಗೂ ಕಾಣದೆ ಉಳಿದಿತ್ತೆಂಬುದು ಸೋಜಿಗದ ಸಂಗತಿಯೇ ಸರಿ. ಸಂಕೇತಪದಗಳೂ ಬೀಗದಕೈಗಳೂ ಹೀಗೆ ಒಂದೊಂದಕ್ಷರವಾಗಿ ಸೋರಿಹೋಗುವ ಸಂಭವವಿತ್ತು.

ಈ ವರ್ತಮಾನವು ಹೊರಬಿದ್ದೊಡನೆ ನಡೆದುದನ್ನು ಗಮನಿಸಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿನ ಸರ್ಟ್ ಎಂಬ ತಜ್ಞರ ಕೇಂದ್ರವೇ ಮೊದಲು, ಪ್ರೊಸೆಸರನ್ನು ಬದಲಾಯಿಸುವುದೇ ಪರಿಹಾರವೆಂಬುದಾಗಿ ತಿಳಿಸಿ, ಸ್ವಲ್ಪ ಕಾಲದಲ್ಲಿಯೇ ಅದನ್ನು ತಿದ್ದಿ, ಕಂಪನಿಗಳು ಕೊಡುವ ದುರಸ್ತಿಗಳನ್ನು ಹಾಕಿಕೊಂಡರೆ ಸಾಕೆಂದಿತು. ತಜ್ಞರ ಮೊದಲ ಮಾತೇ ಹೀಗೆ ಬದಲಾಗುವುದಾದರೆ, ಮೊದಲ ದಿನದ ಗಾಳಿಮಾತನ್ನು ಕೇಳಿ ಹೊಸ ಫೋನಿಗೆ ಹಣ ಕಟ್ಟುವುದು ಎಂತಹ ಅವಿವೇಕವೆಂಬುದನ್ನು ಹೇಳಬೇಕಾದುದಿಲ್ಲ. ಮೈಕ್ರೋಸಾಫ್ಟ್, ಆಪಲ್ ಮೊದಲಾದ ಕಂಪನಿಗಳು ದುರಸ್ತಿಗಳನ್ನು ಕೊಟ್ಟವು. ಅವಸರದಲ್ಲಿ ಕೊಟ್ಟ ದುರಸ್ತಿಯಿಂದ ಎ.ಎಂ.ಡಿ. ಪ್ರೊಸೆಸರಿನ ಕೆಲವು ಹಳೆಯ ಯಂತ್ರಗಳು ಎದ್ದೇಳದೆ ಹೋದುದರಿಂದ ಮೈಕ್ರೋಸಾಫ್ಟ್‌ನವರು ಅಂತಹವುಗಳಿಗೆ ಅದನ್ನು ಕೆಲವು ಕಾಲ ನಿಲ್ಲಿಸಿದರು. ಇಂಟೆಲ್ ಕಂಪನಿಯೂ ತಾನು ಕೊಟ್ಟ ತಿದ್ದುಪಡಿಯಿಂದ ಯಂತ್ರಗಳು ತಾವಾಗಿ ನಿಂತು ಮತ್ತೆ ಆರಂಭವಾಗುತ್ತಿದ್ದುದನ್ನು ಕಂಡು, ಜನವರಿ 22ರಂದು ಅದನ್ನು ಹಾಕಬೇಡಿರೆಂದು ತಿಳಿಸಬೇಕಾಯಿತು. ಇದಕ್ಕಿಂತ ಕೆಟ್ಟದ್ದು ಜರ್ಮನಿಯಲ್ಲಿ ನಡೆಯಿತು. ಆ ದೇಶದ ಸರ್ಕಾರೀ ಭದ್ರತಾ ಇಲಾಖೆಯ ವೇಷವನ್ನು ಧರಿಸಿದ ಸುಳ್ಳು ಪುಟವೊಂದು ಹುಟ್ಟಿ, "ಮೆಲ್ಟ್‌ಡೌನಿಗೆ ಮದ್ದು" ಎಂದು ವಿಷವನ್ನೇ ಹಂಚಿತು. ಪಿ.ಎಂ. ಕಿಸಾನ್ ಹೆಸರಿನಲ್ಲಿ ವಾಟ್ಸಪ್ ಮೂಲಕ ಹರಿದಾಡಿದ ಸುಳ್ಳು ಎ.ಪಿ.ಕೆ. ಕಡತಗಳನ್ನು ಕಂಡವರಿಗೆ ಈ ಬಗೆಯ ವಂಚನೆ ಹೊಸದಲ್ಲ.

ಇಷ್ಟೆಲ್ಲ ಗಲಿಬಿಲಿಯಾದರೂ, ಈ ಲೋಪದಿಂದ ಸಾಮಾನ್ಯ ಜನರ ಸ್ವತ್ತು ದೊಡ್ಡ ಪ್ರಮಾಣದಲ್ಲಿ ಅಪಹಾರವಾದ ಪ್ರಕರಣವೊಂದೂ ಪ್ರಕಟವಾಗಲಿಲ್ಲ. ಕಿಂಡಿಯ ಮೂಲಕ ಕದಿಯುವುದು ಕಷ್ಟವಾಗಿದ್ದುದೂ ಇದಕ್ಕೆ ಒಂದು ಕಾರಣವೆಂದು ಒಪ್ಪಿಕೊಳ್ಳಬೇಕು. ಆದರೆ ಕಂಡುಹಿಡಿದವರು 2017ರ ಜೂನ್ ತಿಂಗಳಲ್ಲಿಯೇ ತಯಾರಕರಿಗೆ ಗುಟ್ಟಾಗಿ ತಿಳಿಸಿ ಸಿದ್ಧತೆಗೆ ಅವಕಾಶ ಕೊಟ್ಟಿದ್ದುದೂ, ಅಸಂಖ್ಯ ಯಂತ್ರಗಳಿಗೆ ದುರಸ್ತಿ ಬೇಗನೆ ತಲಪಿದುದೂ ಅಷ್ಟೇ ಮುಖ್ಯ ಕಾರಣಗಳು.

ಎರಡನೆಯ ಪ್ರಕರಣವು ಇದಕ್ಕೆ ತೀರ ವಿರುದ್ಧವಾದುದು. ವಿಂಡೋಸ್ ಕಂಪ್ಯೂಟರುಗಳಲ್ಲಿದ್ದ ಒಂದು ಲೋಪಕ್ಕೆ ಮೈಕ್ರೋಸಾಫ್ಟ್‌ನವರು 2017ರ ಮಾರ್ಚ್ 14ರಂದೇ ದುರಸ್ತಿಯನ್ನು ಕೊಟ್ಟಿದ್ದರು. ಏಪ್ರಿಲ್ ತಿಂಗಳಲ್ಲಿ ಆ ಲೋಪವನ್ನು ಬಳಸತಕ್ಕ ಸಾಧನವು ಬಹಿರಂಗವಾಯಿತು. ಮೇ 12ರಂದು ವಾನಾಕ್ರೈ ಎಂಬ ಪಿಡುಗು ಹೊರಟು, ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಮೇಲ್ಪಟ್ಟು ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ, ತಲಾ 300 ಡಾಲರ್ ದಂಡವನ್ನು ಕೇಳಿತು. ದುರಸ್ತಿ ಬಂದು ಎರಡು ತಿಂಗಳಾಗುತ್ತ ಬಂದಿದ್ದರೂ ಅದನ್ನು ಹಾಕಿಕೊಳ್ಳದವರೇ ಇದಕ್ಕೆ ಸಿಕ್ಕಿದರು. ಇಂಗ್ಲೆಂಡಿನ ಸರ್ಕಾರೀ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ದೂರದ ದೇಶದ ಮಾತು ಹಾಗಿರಲಿ. ಮೈಸೂರು ಜಿಲ್ಲೆಯ ನೆರೆಯಲ್ಲಿಯೇ ಇರುವ ಕೇರಳದ ವಯನಾಡು ಜಿಲ್ಲೆಯಲ್ಲಿ ತರಿಯೋಡು ಗ್ರಾಮ ಪಂಚಾಯತಿ ಕಚೇರಿಯ ಕಂಪ್ಯೂಟರುಗಳೂ ಇದಕ್ಕೆ ಸಿಕ್ಕವು. "ನಮ್ಮ ಹಳ್ಳಿಯ ಯಂತ್ರವನ್ನು ಯಾರು ಹುಡುಕಿಕೊಂಡು ಬಂದಾರು?" ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಆ ಪಿಡುಗು ಯಾರನ್ನೂ ಹುಡುಕಲಿಲ್ಲ; ತೆರೆದ ಬಾಗಿಲು ಸಿಕ್ಕಿದಲ್ಲೆಲ್ಲ ತಾನೇ ನುಗ್ಗಿ, ಅಲ್ಲಿಂದ ಪಕ್ಕದ ಯಂತ್ರಕ್ಕೆ ಹಾರಿತು.

ಅಡಿಕೆ ತೋಟಗಳುಳ್ಳವರಿಗೆ ಇದು ಪರಿಚಿತವಾದ ಸಂಗತಿಯೇ. ಮಳೆಗಾಲಕ್ಕೆ ಮುಂಚೆ ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಹೊಡೆದರೆ ಮಾತ್ರ ಕೊಳೆರೋಗದಿಂದ ಫಸಲು ಉಳಿಯುತ್ತದೆ. ಕಾಯಿ ಉದುರುವುದಕ್ಕೆ ತೊಡಗಿದ ಮೇಲೆ ಮೈಲುತುತ್ತವನ್ನು ಎಷ್ಟು ಕರಗಿಸಿದರೂ ಉದುರಿದ ಕಾಯಿ ಗೊನೆಗೆ ಏರುವುದಿಲ್ಲ. ಡಾ. ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ಈ ರೋಗದ ವಿಷಯವಾಗಿ ಪರಿಶೋಧನೆ ನಡೆಸಿ ಔಷಧಿ ಸಿಂಪಡಿಸುವ ಪದ್ಧತಿಯನ್ನು ಪ್ರಚಾರಕ್ಕೆ ತಂದ ಕಾಲದಲ್ಲಿ, ಗೊನೆಗೆ ಕೊಟ್ಟೆ ಕಟ್ಟುವುದೇ ರೂಢಿಯಾಗಿತ್ತು. ಒಂದು ತೋಟದವನು ಸಿಂಪಡಿಸಿ, ಬೇಲಿಯಾಚೆಯವನು ಬಿಟ್ಟರೆ, ಬಿಟ್ಟವನ ತೋಟವು ಇಡೀ ಎಲೆಗೆ ರೋಗದ ತವರಾಗುವುದನ್ನು ಯಾವ ಬೆಳೆಗಾರನೂ ಬಲ್ಲ. ಪಂಚಾಯತಿ ಕಚೇರಿ, ಸಹಕಾರ ಸಂಘ, ಹಾಲಿನ ಡೈರಿ ಇವುಗಳ ಕಂಪ್ಯೂಟರುಗಳೂ ಹಾಗೆಯೇ. ಅವು ಯಾರೊಬ್ಬರ ಸ್ವಂತವೂ ಅಲ್ಲದ ಕಾರಣ ಯಾರೊಬ್ಬರ ಲಕ್ಷ್ಯಕ್ಕೂ ಬೀಳುವುದಿಲ್ಲ. ಊರಿನ ಮುಖಂಡರ ಕರ್ತವ್ಯವು ಇಲ್ಲಿಯೇ ಮುಖ್ಯವಾದುದು. ಸಂಘದ ಮಹಾಸಭೆಯಲ್ಲಿ ಲೆಕ್ಕಪತ್ರವನ್ನು ಕೇಳುವಂತೆ, "ಯಂತ್ರಕ್ಕೆ ದುರಸ್ತಿ ಹಾಕಿ ಎಷ್ಟು ದಿನವಾಯಿತು? ಲೆಕ್ಕದ ಪ್ರತಿಯನ್ನು ಬೇರೆ ಎಲ್ಲಿ ಇಟ್ಟಿದೆ?" ಎಂಬ ಎರಡು ಪ್ರಶ್ನೆಗಳನ್ನು ಕಾರ್ಯದರ್ಶಿಗಳನ್ನು ಕೇಳತಕ್ಕದ್ದು. ಉತ್ತರ ಬಾರದಿದ್ದರೆ ಬರುವವರೆಗೂ ಬಿಡಬಾರದು. ಪ್ರತಿಯಿರುವ ಪೆನ್‌ಡ್ರೈವನ್ನು ಸದಾಕಾಲ ಅದೇ ಯಂತ್ರಕ್ಕೆ ಸಿಕ್ಕಿಸಿಟ್ಟಿರುವುದು, ಕಳ್ಳನಿಗೆ ಪೆಟ್ಟಿಗೆಯ ಜೊತೆಗೆ ಬೀಗದಕೈಯನ್ನೂ ಕೊಟ್ಟಂತೆ. ವಾನಾಕ್ರೈ ಮಾದರಿಯ ಪಿಡುಗು ಅದಕ್ಕೂ ಬೀಗ ಹಾಕುತ್ತದೆ.

ಅಪ್‌ಡೇಟು ಹಾಕಿದರೆ ಯಂತ್ರ ನಿಧಾನವಾಗುತ್ತದೆ, ಇಂಟರ್‌ನೆಟ್ಟಿನ ಕೋಟಾ ಖರ್ಚಾಗುತ್ತದೆ ಎಂಬ ಆಕ್ಷೇಪಣೆಗಳು ಪೂರ್ತಿ ಸುಳ್ಳಲ್ಲ. 2018ರ ದುರಸ್ತಿಗಳಿಂದ ಕೆಲವು ಬಗೆಯ ಕೆಲಸಗಳಲ್ಲಿ ವೇಗ ತಗ್ಗಿದುದು ನಿಜ. ಆದರೆ ಆ ಚುರುಕು ಜವಾನನ ಆತುರಕ್ಕೆ ಕಡಿವಾಣ ಹಾಕುವುದೆಂದರೆ ಅಷ್ಟಾದರೂ ಹೊತ್ತು ಹಿಡಿಯಲೇ ಬೇಕಷ್ಟೆ. ಮೊದಲ ದಿನವೇ ಹಾಕಿ ಕೆಟ್ಟುಹೋದರೆ ಎಂಬ ಅಂಜಿಕೆಗೆ ಉಪಾಯವೆಂದರೆ ಮೊದಲು ಕಡತಗಳ ಪ್ರತಿಯನ್ನು ತೆಗೆದಿಡುವುದು. ಸಂಘದಲ್ಲಿ ನಾಲ್ಕು ಯಂತ್ರಗಳಿದ್ದರೆ ಒಂದಕ್ಕೆ ಹಾಕಿ, ಎರಡು ದಿನ ನೋಡಿ, ಮಿಕ್ಕವುಗಳಿಗೆ ಹಾಕುವುದು. ಎರಡು ದಿನವೆಂದರೆ ಎರಡೇ ದಿನ, ಎರಡು ತಿಂಗಳಲ್ಲ.

ದುರಸ್ತಿಯನ್ನು ಯಂತ್ರದ ಸೆಟ್ಟಿಂಗ್ಸ್ ಎಂಬಲ್ಲಿಂದಲೂ, ಆ್ಯಪುಗಳಾದರೆ ಪ್ಲೇ ಸ್ಟೋರಿನಿಂದಲೂ ಮಾತ್ರ ಪಡೆಯತಕ್ಕದ್ದು. ಸಂದೇಶದ ಮೂಲಕ ಬಂದ ಮದ್ದು ಎಷ್ಟು ನೆಂಟರಿಂದ ಬಂದರೂ ಮುಟ್ಟಕೂಡದು. ಸರ್ಕಾರದ ಹೆಸರಿನ ಎಚ್ಚರಿಕೆ ನಿಜವೇ ಎಂಬ ಸಂಶಯ ಬಂದಲ್ಲಿ, 2004ರಿಂದ ಭಾರತ ಸರ್ಕಾರದಲ್ಲಿ ಈ ಕೆಲಸವನ್ನು ನೋಡುತ್ತಿರುವ ಸರ್ಟ್-ಇನ್ ಸಂಸ್ಥೆಯ ಪ್ರಕಟಣೆಯನ್ನು ಓದಬಲ್ಲ ತರುಣರಿಂದ ಓದಿಸಿ ತಿಳಿಯಬಹುದು. ಹಣ ಹೋದದ್ದೇ ಆದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೆ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಈ ವಿಷಯದಲ್ಲಿ ಗಂಟೆಗಳ ಲೆಕ್ಕವೇ ದೊಡ್ಡದು. ಅಷ್ಟರೊಳಗೆ ಹಣವು ಖಾತೆಯಿಂದ ಖಾತೆಗೆ ದಾಟಿಹೋಗಿರುತ್ತದೆ.

ಇನ್ನುಳಿದುದು ಹಳೆಯ ಯಂತ್ರಗಳ ಮಾತು. ಜಮೀನುದಾರರು ಹೊಸ ಫೋನನ್ನು ಕೊಂಡಾಗ ಹಳೆಯದನ್ನು ಆಳುಮಕ್ಕಳಿಗೋ ಮನೆಯ ವೃದ್ಧರಿಗೋ ಕೊಡುವುದು ರೂಢಿ. ಔದಾರ್ಯವೇನೋ ಸರಿ, ಆದರೆ ಎಷ್ಟೋ ವೇಳೆ ದುರಸ್ತಿ ನಿಂತುಹೋಗಿರುವ ಫೋನೇ ಹೀಗೆ ಕೈ ಬದಲಾಯಿಸುತ್ತದೆ, ಅದರಲ್ಲಿಯೇ ಆ ಬಡವನ ಕೂಲಿಯ ಹಣವೂ, ವೃದ್ಧರ ಪಿಂಚಣಿಯೂ ಇರುತ್ತವೆ. ಅಂತಹ ಫೋನನ್ನು ಕರೆ ಮಾಡುವುದಕ್ಕೂ ಹಾಡು ಕೇಳುವುದಕ್ಕೂ ಬಳಸಲಿ. ಬ್ಯಾಂಕಿನ ವ್ಯವಹಾರಕ್ಕೆ ಬಳಸಬಾರದೆಂದು ಕೊಡುವಾಗಲೇ ತಿಳಿಸುವುದು ಯಜಮಾನರಿಗೆ ಭೂಷಣ. ಕಂಪ್ಯೂಟರುಗಳಲ್ಲಿ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಸಾಮಾನ್ಯ ದುರಸ್ತಿ ನಿಂತಿತು. ಸಂಘದ ಮೇಜಿನ ಮೇಲಿರುವುದು ಇವುಗಳಲ್ಲಿ ಯಾವುದೆಂಬುದನ್ನು ಮುಂದಿನ ಸಭೆಗೆ ಮುಂಚೆಯೇ ನೋಡಿಸಬೇಕು.

ಎಲ್ಲ ಭಾರವನ್ನೂ ರೈತನ ಮೇಲೆಯೇ ಹೊರಿಸುವುದು ನ್ಯಾಯವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಕೆಲವು ತಯಾರಕರು ತಮ್ಮ ಬೆಲೆಬಾಳುವ ಫೋನುಗಳಿಗೆ ಏಳು ವರ್ಷ ದುರಸ್ತಿ ಕೊಡುವುದಾಗಿ ಹೇಳುತ್ತಾರೆ. ಸಣ್ಣ ಹಿಡುವಳಿದಾರನು ಕೊಳ್ಳತಕ್ಕ ಅಗ್ಗದ ಫೋನಿಗೆ ಅಷ್ಟು ಕಾಲ ಸಿಕ್ಕುವುದು ಅಪರೂಪ. ಬಿತ್ತನೆ ಬೀಜದ ಚೀಲದ ಮೇಲೆ ಮೊಳಕೆಯ ಪ್ರಮಾಣವನ್ನೂ ಅವಧಿಯನ್ನೂ ಅಚ್ಚು ಹಾಕಿಸುವ ಕಾನೂನಿರುವಂತೆ, ಫೋನಿನ ಪೆಟ್ಟಿಗೆಯ ಮೇಲೆ ದುರಸ್ತಿ ದೊರೆಯುವ ಕಡೆಯ ದಿನಾಂಕವನ್ನು ಅಚ್ಚು ಹಾಕಿಸುವುದು ಅಸಾಧ್ಯವೇನೂ ಅಲ್ಲ. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಒಂದು ಮಾದರಿಯ ಮಾರಾಟ ನಿಂತ ಮೇಲೆಯೂ ಕನಿಷ್ಠ ಐದು ವರ್ಷ ದುರಸ್ತಿ ದೊರೆಯಬೇಕೆಂಬ ಕಟ್ಟಳೆ ಜಾರಿಗೆ ಬಂದಿದೆ. ನಮ್ಮ ದೇಶದಲ್ಲಿಯೂ ಅಂತಹುದು ಬೇಕೆಂದು ಗ್ರಾಮಸಭೆಗಳೂ ಸಹಕಾರ ಸಂಘಗಳೂ ನಿರ್ಣಯ ಮಾಡಿ ಶಾಸಕರಿಗೂ ಲೋಕಸಭಾ ಸದಸ್ಯರಿಗೂ ಕಳುಹಿಸುವುದು ಒಳ್ಳೆಯದು. ಅದು ಬರುವವರೆಗೆ, ಅಂಗಡಿಯಲ್ಲಿ ಫೋನಿನ ಬಣ್ಣವನ್ನೂ ಕ್ಯಾಮೆರಾವನ್ನೂ ವಿಚಾರಿಸುವ ಮೊದಲು "ಇದಕ್ಕೆ ಎಷ್ಟು ವರ್ಷ ಅಪ್‌ಡೇಟು ಬರುತ್ತದೆ?" ಎಂದು ಕೇಳಿ, ಉತ್ತರವನ್ನು ರಶೀದಿಯ ಮೇಲೆಯೇ ಬರೆಯಿಸಿಕೊಳ್ಳತಕ್ಕದ್ದು.