ಕೊಡೋರಿಗೆ ಕರೆ ಉಂಟು, ಒಯ್ಯೋರಿಗೆ ಸುದ್ದಿ ಇಲ್ಲ

ಮನೆಯಲ್ಲಿ ಬೇಡವಾದ ಸಾಮಾನನ್ನು ಪುಕ್ಕಟೆ ಹಂಚುವುದು ಈಗ ಸರ್ಕಾರಿ ಕಾರ್ಯಕ್ರಮವೂ ಹೌದು. 2023ರ ಮೇ ತಿಂಗಳಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರ ಸಚಿವಾಲಯ 'ನನ್ನ ಲೈಫ್, ನನ್ನ ಸ್ವಚ್ಛ ನಗರ' ಎಂಬ ಆಂದೋಲನ ಹೂಡಿತು. ಜೂನ್ 5ರ ಪರಿಸರ ದಿನದವರೆಗೆ ಮೂರು ವಾರ. ಊರೂರಿನ ನಗರಸಭೆ, ಪುರಸಭೆಗಳು 'ಆರ್‌ಆರ್‌ಆರ್ ಕೇಂದ್ರ' ತೆರೆಯಬೇಕು. ಜನ ಬಟ್ಟೆ, ಚಪ್ಪಲಿ, ಪುಸ್ತಕ, ಆಟಿಕೆ, ಪ್ಲಾಸ್ಟಿಕ್ ತಂದು ಹಾಕಬೇಕು. ಬಳಸಲು ಬರುವುದು ಬೇಕಾದವರ ಕೈ ಸೇರಬೇಕು, ಬಾರದ್ದು ಮರುತಯಾರಿಗೆ ಹೋಗಬೇಕು. (ಆರ್‌ಆರ್‌ಆರ್ ಅಂದರೆ ಸಿನಿಮಾ ಅಲ್ಲ. ಕಡಿಮೆ ಬಳಸು, ಮತ್ತೆ ಬಳಸು, ಮರುತಯಾರಿಸು ಅನ್ನೋದರ ಇಂಗ್ಲಿಷ್ ಮೊದಲಕ್ಷರ.)

ಯೋಜನೆಯಲ್ಲಿ ಹುಳುಕಿಲ್ಲ. ಎಡವಟ್ಟಾಗಿರೋದು ಸುದ್ದಿ ಹರಿಯುವ ದಾರಿಯಲ್ಲಿ. ಆಂದೋಲನದ ಮಾತೆಲ್ಲ 'ತಂದು ಕೊಡಿ' ಎಂಬ ಕಡೆಗೇ. 'ಬಂದು ಒಯ್ಯಿರಿ' ಅನ್ನೋದು ಸಣ್ಣಕ್ಷರ. ಸಂಘ-ಸಂಸ್ಥೆಗಳು ನಡೆಸುವ ಹಳೆ ಸಾಮಾನಿನ ಹಂಚಿಕೆಯದೂ ಇದೇ ಕಥೆ. ಸುದ್ದಿ ಬಡಾವಣೆಯವರ ವಾಟ್ಸಾಪಿನಲ್ಲಿ ಸುತ್ತುತ್ತೆ, ಅಂದರೆ ಕೊಡೋರಿಂದ ಕೊಡೋರಿಗೇ. ಹಂಚಿಕೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಹೋಟೆಲಿನ ಕ್ಲೀನರ್ ತಟ್ಟೆ ತೊಳೀತಿರ್ತಾನೆ, ಮನೆಗೆಲಸದಾಕೆ ಮೂರನೇ ಮನೆಯಲ್ಲಿರ್ತಾಳೆ. ಮೊದಲು ಬಂದು ನಿಲ್ಲೋರು ಬಿಡುವಿದ್ದವರು. ಸಂಜೆಗೆ ಉಳಿದ ಗಂಟು ಗುಜರಿಗೆ.

ಸಮಯ ಒಂದೇ ಅಲ್ಲ, ಮುಜುಗರವೂ ಇದೆ. ಸ್ಟೀಲ್ ಪಾತ್ರೆ ಬುಟ್ಟಿ ಹೊತ್ತು ಬೀದಿಗೆ ಬರುವ ಹೆಂಗಸನ್ನು ನೋಡಿ. ನಾಲ್ಕು ಸೀರೆ, ಎರಡು ಪ್ಯಾಂಟಿಗೆ ಒಂದು ಡಬರಿ. "ಇದು ಜರಿ ಸೀರೆ ಕಣಮ್ಮ, ಇನ್ನೊಂದು ಲೋಟ ಹಾಕು" ಅಂತ ಅರ್ಧ ಗಂಟೆ ಚೌಕಾಸಿ. ಅದೇ ಸೀರೆ ಆಮೇಲೆ ಸಂತೆಯಲ್ಲಿ ಮಾರಾಟ. ಕೊಂಡವಳು ಕಾಸು ಕೊಟ್ಟಿದ್ದಾಳೆ, ಯಾರ ಹಂಗೂ ಇಲ್ಲ. ಪುಕ್ಕಟೆ ಹಂಚಿಕೆಯಲ್ಲಾದರೆ ಸಾಲಲ್ಲಿ ನಿಲ್ಲಬೇಕು, ಮೈಕಿನ ಭಾಷಣ ಕೇಳಬೇಕು, ಸೀರೆ ಹಿಡಿದು ಫೋಟೋಕ್ಕೆ ಮುಖ ತೋರಿಸಬೇಕು. ಗಾರೆ ಕೆಲಸದವನ ಹೆಂಡತಿಗೂ ಮರ್ಯಾದೆ ಇದೆ ಸ್ವಾಮಿ.

2015ರಲ್ಲಿ ಇರಾನಿನ ಮಶ್ಹದ್ ಊರಲ್ಲಿ ಯಾರೋ ಒಂದು ಗೋಡೆಗೆ ಬಟ್ಟೆ ನೇತುಹಾಕುವ ಕೊಕ್ಕೆ ಬಡಿದರು. ಬೇಡದ್ದು ತೂಗುಹಾಕಿ ಹೋಗಿ, ಬೇಕಾದ್ದು ತಗೊಂಡು ಹೋಗಿ, ಅಷ್ಟೇ. ಉದ್ಘಾಟನೆ ಇಲ್ಲ, ಹೆಸರು ಕೇಳೋರಿಲ್ಲ. ಆಮೇಲೆ ಉತ್ತರ ಭಾರತದ ಊರುಗಳಲ್ಲೂ 'ನೇಕಿ ಕೀ ದೀವಾರ್' ಎದ್ದವು.

ಹಳೆ ಸಾಮಾನಲ್ಲಿ ನಿಜಕ್ಕೂ ದುಡ್ಡು ಉಳಿಸೋದು ಪುಸ್ತಕ. ಸರ್ಕಾರಿ ಶಾಲೆ ಮಕ್ಕಳಿಗೆ ಪಠ್ಯಪುಸ್ತಕ ಉಚಿತ, ಖಾಸಗಿ ಅನುದಾನರಹಿತ ಶಾಲೆಯವರು ಕೊಳ್ಳಲೇಬೇಕು. ಸಾಲ ಮಾಡಿ ಅಲ್ಲಿಗೆ ಮಗುವನ್ನು ಕಳಿಸಿದ ಬೀಡಾ ಅಂಗಡಿಯವನಿಗೆ ಜೂನ್ ಅಂದರೆ ಜ್ವರ. ಒಂದು ಎಚ್ಚರ ಬೇಕು: ರಾಜ್ಯ ಪಠ್ಯದಲ್ಲಿ ಕನ್ನಡ, ಸಮಾಜ ವಿಜ್ಞಾನದ ಪಾಠಗಳು 2022ರಲ್ಲಿ ಒಮ್ಮೆ, 2023ರಲ್ಲಿ ಸರ್ಕಾರ ಬದಲಾದ ಮೇಲೆ ಇನ್ನೊಮ್ಮೆ ಬದಲಾದವು. ಹಳೇದು ಒಯ್ಯೋ ಮುಂಚೆ ಮುದ್ರಣದ ವರ್ಷ ನೋಡಿಕೊಳ್ಳಬೇಕು.

ಹಾಗಾದರೆ ಎಲ್ಲಿ ವಿಚಾರಿಸೋದು? ನಗರಸಭೆಯ ಆರೋಗ್ಯ ಶಾಖೆಯಲ್ಲಿ, ಕೇಂದ್ರ ಇನ್ನೂ ನಡೀತಿದೆಯೋ ಬಾಗಿಲು ಹಾಕಿದೆಯೋ ಅಂತ. ಅದಕ್ಕಿಂತ ಸುಲಭ, ಬೆಳಿಗ್ಗೆ ಬರುವ ಕಸದ ಆಟೋದವರನ್ನು ಕೇಳೋದು. ಯಾವ ಬೀದಿಯಲ್ಲಿ ಯಾರು ಮನೆ ಖಾಲಿ ಮಾಡ್ತಿದ್ದಾರೆ, ಯಾರ ಮನೆ ಮಂಚ ಹೊರಗೆ ಬಿದ್ದಿದೆ, ಅವರಿಗೆ ಮೊದಲು ಗೊತ್ತು. ಏಪ್ರಿಲ್ ಪರೀಕ್ಷೆ ಮುಗಿದಾಗ ಪುಸ್ತಕ, ಆಯುಧಪೂಜೆ-ದೀಪಾವಳಿಗೆ ಮನೆ ತೊಳೆಯುವಾಗ ಪಾತ್ರೆ-ಬಟ್ಟೆ ಹೊರಬೀಳೋ ಕಾಲ.

ನಗರಸಭೆಯವರು ಕೇಂದ್ರವನ್ನು ವಾರಕ್ಕೆರಡು ದಿನ ರಾತ್ರಿ ಎಂಟರವರೆಗೆ ತೆರೆದಿಟ್ಟು, ಇವತ್ತು ಏನೇನು ಬಂದಿದೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಬರೆದು ಹಾಕಿದರೆ ಹಳ್ಳಿಗೆ ಹೋಗೋ ಕೂಲಿಯವರೂ ಬಸ್ಸಿಗೆ ಕಾಯುತ್ತಾ ಓದಿಕೊಳ್ಳುತ್ತಾರೆ. ಅದಕ್ಕೆ ಬೇಕಾದ್ದು ಒಂದು ಕರಿಹಲಗೆ, ಒಂದು ಸೀಮೆಸುಣ್ಣ. ಟೆಂಡರ್ ಕರೆಯೋ ಬಾಬತ್ತಲ್ಲ.